ಕೊಯ್ಯಲು ಕಾದ ಚಾಕು

ನಾನು ಆಪರೇಶನ್ ಕೋಣೆಯ ಚಾಕು. ಕುಲುಮೆಯ ಬೆಂಕಿಯಲ್ಲಿ ಬೆಂದು, ಏಟು ತಿಂದು, ಸಾಣೆಯ ಮೇಲೆ ಕಿರುಚಿ ಹುಟ್ಟಿದವನು. ಅಲಗುಗಳು ಬರುತ್ತವೆ, ಹೋಗುತ್ತವೆ; ಹಿಡಿ ಮಾತ್ರ ನಾನೇ. ಹಾಗಾಗಿ ಸೊಕ್ಕಿಗೇನೂ ಕಡಿಮೆ ಇರಲಿಲ್ಲ. ಮನುಷ್ಯರಿಗೆ ಚರ್ಮ ಇರುವುದೇ ನಾನು ಕೊಯ್ಯಲಿ ಎಂದು, ಅಂತ ತಿಳಿದಿದ್ದೆ.

ನನ್ನ ಮೊದಲ ಯಜಮಾನರು ಗದಗ ಸೀಮೆಯ ಡಾಕ್ಟರ್ ಬಂಗಾರಶೆಟ್ಟರು. ಬಾವು ಕಂಡರೆ ಸಾಕು, ಅವರ ಕೈ ನನ್ನನ್ನು ಹುಡುಕುತ್ತಿತ್ತು. ಒಂದು ದಿನ ಹಮಾಲನೊಬ್ಬ ಬಂದ. ಮುಂಗೈ ಬಾತು ಬಿಗಿದು, ಬೆರಳುಗಳು ಜೋಮು ಹಿಡಿದಿದ್ದವು. ಒಳಗೆ ತುಂಬಿದ ರಕ್ತ ನರವನ್ನು ಅಮುಕುತ್ತಿತ್ತು. ನಾನು ಹುರುಪಿನಿಂದ ಸೀಳಿದೆ. ರಕ್ತ ಚಿಮ್ಮಿತು, ನಿಲ್ಲಲೇ ಇಲ್ಲ. ಬಟ್ಟೆ ತುರುಕಿದರು, ಹೊಲಿದರು. ಹೊಲಿಗೆಯ ತೂತುಗಳಿಂದಲೂ ಸುರಿಯಿತು. ಅವನದು ರಕ್ತ ಹೆಪ್ಪುಗಟ್ಟದ ಕಾಯಿಲೆ, ಹಿಮೋಫಿಲಿಯಾ. ಅದು ಗೊತ್ತಾಗುವಷ್ಟರಲ್ಲಿ ಅವನು ಮೇಜಿನ ಮೇಲೆ ತಣ್ಣಗಾಗಿದ್ದ. ಸಹಾಯಕ್ಕೆ ನಿಂತಿದ್ದ ಶಮೀಮ್ ಬಾನು ಎಂಬ ಎಳೆಯ ಡಾಕ್ಟರು ನಲ್ಲಿಯ ಕೆಳಗೆ ನನ್ನನ್ನು ತೊಳೆಯುತ್ತ ಬಿಕ್ಕಿ ಬಿಕ್ಕಿ ಅತ್ತರು. ನನಗೂ ಆವತ್ತು ಮೊದಲ ಸಲ ಹೆದರಿಕೆಯಾಯಿತು.

ಬಂಗಾರಶೆಟ್ಟರು ನಿವೃತ್ತರಾದ ಮೇಲೆ ನಾನು ಶಮೀಮರ ಕೈಗೆ ಬಂದೆ. ವರ್ಷಗಳು ಕಳೆದವು. ಒಂದು ಮಧ್ಯಾಹ್ನ ಅಕ್ಕಸಾಲಿಗ ಮೌನೇಶನನ್ನು ಹೊತ್ತು ತಂದರು. ಬಲ ಮುಂಗೈ ಬಾತು ನೀಲಿಗಟ್ಟಿತ್ತು. ಜೊತೆಗೆ ಹೆಂಡತಿ ಕಾಳಮ್ಮ, ಅವಳ ಅಣ್ಣ ಈರಣ್ಣ. ಈರಣ್ಣ ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಅಂಥವರು ತುಳಿದರೆ ಉಳುಕು ಬಿಡುತ್ತದೆಂದು ಊರ ನಂಬಿಕೆ. ಜಾರಿ ಬಿದ್ದ ಮೌನೇಶನ ಕೈಯನ್ನು ಅವನು ಪ್ರೀತಿಯಿಂದಲೇ, ಮೈಭಾರ ಹಾಕಿ ತುಳಿದಿದ್ದ.

“ಬೆರಳು ಸಾಯಾಕತ್ತಾವ್ರೀ! ಕೊಯ್ದು ಕೆಟ್ಟ ರಕ್ತ ಹೊರಗ ಹಾಕ್ರಿ!” ಎಂದು ಈರಣ್ಣ ಕಿರುಚಿದ.

ಶಮೀಮರ ಕಣ್ಣು ಮೌನೇಶನ ಸೊಟ್ಟಗಾಗಿದ್ದ ಮೊಣಕಾಲಿನ ಮೇಲೆ ಬಿತ್ತು. ಆ ಹಮಾಲನ ಕಾಯಿಲೆ ಇದ್ದವರಿಗೆ ಕೀಲುಗಳಲ್ಲೂ ರಕ್ತ ತುಂಬಿ ಹೀಗೆ ಸೊಟ್ಟಗಾಗುತ್ತವೆ. “ಸಣ್ಣಾವಿದ್ದಾಗ ಮೊಣಕಾಲು ಬಾತ್ಕೊಂತಿದ್ವೇನಪಾ? ಖರೇ ಹೇಳು.”

ಮೌನೇಶ ಹೆಂಡತಿಯ ಮುಖ ನೋಡಿದ. ಹೆಣ್ಣು ಕೊಡುವವರು ಹಿಂಜರಿದಾರೆಂದು ಅವನ ಮನೆಯವರು ಆ ಮಾತು ಮುಚ್ಚಿಟ್ಟಿದ್ದರು. “ಹೌದ್ರೀ,” ಎಂದ. “ನನ್ನ ರಕ್ತ ನಿಂದ್ರಂಗಿಲ್ಲ.”

“ಹಂಗಾದ್ರ ಮೊದ್ಲ ಹೆಪ್ಪುಗಟ್ಟೂ ಔಷಧ ಹೋಗ್ಲಿ. ಈಗ ಕೊಯ್ದ್ರ ಜೀವಾನ ಹೋಗತೈತಿ,” ಎಂದರು ಶಮೀಮ್. ನರ್ಸು ಫ್ರಿಜ್ಜಿನತ್ತ ಓಡಿದಳು.

“ಅಲ್ಲೀತನಕ ಕೈ ಸಾಯ್ಬೇಕೇನು? ನೀವು ಕೊಯ್ಯದಿದ್ರ ನಾ ಕೊಯ್ತೀನಿ!” ಈರಣ್ಣ ತಟ್ಟೆಗೆ ಕೈಹಾಕಿ ನನ್ನನ್ನು ಕಿತ್ತುಕೊಂಡ. ಅಡ್ಡ ಬಂದ ಶಮೀಮರನ್ನು ಗೋಡೆಗೆ ನೂಕಿದ. ಮೌನೇಶ ಚೀರಿದ. ನನ್ನ ಅಲಗು ಆ ಬಿಗಿದ ಚರ್ಮಕ್ಕೆ ಕೂದಲೆಳೆಯಷ್ಟು ದೂರ. ಸುಳ್ಳೇಕೆ ಹೇಳಲಿ, ನನಗೂ ಆಸೆಯಾಯಿತು. ಹುಟ್ಟುಗುಣ ಸುಟ್ಟರೂ ಹೋಗದು.

ಕಾಳಮ್ಮ ಅಣ್ಣನ ಕಪಾಳಕ್ಕೆ ಬಾರಿಸಿದಳು. “ನೀ ತುಳದದ್ದು ಸಾಕಾಗಿಲ್ಲೇನು? ಕೊಂದ ಬಿಡ್ತೀಯೇನು?” ನಾನು ನೆಲಕ್ಕೆ ಬಿದ್ದೆ. ಈರಣ್ಣ ಅಲ್ಲಿಯೇ ಕುಸಿದು ಕೂತ.

ಔಷಧ ರಕ್ತನಾಳಕ್ಕೆ ಇಳಿಯಿತು. ನನ್ನನ್ನು ತೊಳೆದು, ಬೇಯಿಸಿ, ಹೊಸ ಅಲಗು ಹಾಕಿದರು. ಶಮೀಮ್ ಬೆರಳುಗಳನ್ನು ಚಿವುಟಿ ಚಿವುಟಿ ನೋಡಿದರು. ಕೈಯ ಬಿಗಿ ಇಳಿಯಲಿಲ್ಲ, ಬೆರಳಿಗೆ ಸ್ಪರ್ಶ ಬರಲಿಲ್ಲ. ಆಗ, ಆಗ ಮಾತ್ರ, ನನ್ನನ್ನು ಕೈಗೆ ತೆಗೆದುಕೊಂಡರು. ಮಣಿಕಟ್ಟಿನಿಂದ ಮೇಲಕ್ಕೆ ಸೀಳಿದೆ. ಕಪ್ಪು ರಕ್ತದ ಹೆಪ್ಪುಗಳು ಹೊರಬಿದ್ದವು. ಅಡಿಯಲ್ಲಿ ನಜ್ಜಾದ ನರ ಉಸಿರು ಬಿಟ್ಟ ಹಾಗೆ ಕಂಡಿತು. ಹೊಸ ರಕ್ತ ಒಸರಿತು, ಮೆಲ್ಲಗೆ ನಿಂತಿತು. ರಕ್ತ ನಿಂತದ್ದಕ್ಕೆ ಚಾಕುವೊಂದು ಇಷ್ಟು ಸಂತೋಷಪಟ್ಟದ್ದು ಎಲ್ಲಾದರೂ ಉಂಟೆ!

ಮೌನೇಶನ ಬೆರಳುಗಳಿಗೆ ನಿಧಾನವಾಗಿ ಜೀವ ಬಂತು. ನನಗೋ ಮುಪ್ಪು, ಅಲಗು ಕೂರುವ ಸಂದು ಸಡಿಲವಾಯಿತು. ಬೆಳ್ಳಿಗೆ ಒಪ್ಪ ಹಾಕಲು ಆದೀತೆಂದು ಮೌನೇಶ ನನ್ನನ್ನು ಶಮೀಮರಿಂದ ಕೇಳಿ ತಂದ. ಈಗ ಅವನ ಅಂಗಡಿಯ ಮೂಲೆಯಲ್ಲಿ, ಯಾರನ್ನೂ ನೋಯಿಸದೆ ಬಿದ್ದಿದ್ದೇನೆ.

ಮೊನ್ನೆ ಇಲ್ಲೇ ಅವನ ಮಗಳ ಕಿವಿ ಚುಚ್ಚುವ ಶಾಸ್ತ್ರ. ಮಗು ಸೋದರಮಾವ ಈರಣ್ಣನ ತೊಡೆಯ ಮೇಲಿತ್ತು. ಮೌನೇಶ ಚಿನ್ನದ ತಂತಿ ಹಿಡಿದು ಬಾಗಿದ. ಈರಣ್ಣ ಥಟ್ಟನೆ ಮಗುವಿನ ಕಿವಿಯನ್ನು ಅಂಗೈಯಿಂದ ಮುಚ್ಚಿದ.

“ತಡೀ. ನಿನ್ನ ರಕ್ತ ಇಕಿ ಮೈಯಾಗೂ ಐತಿ. ಮೊದ್ಲ ಆ ಡಾಕ್ಟರಮ್ಮಗ ತೋರಸೂಣು.”

“ಮುಹೂರ್ತ ಮೀರತೈತೋ!” ಎಂದಳು ಮುದುಕಿಯೊಬ್ಬಳು.

“ಮೀರ್ಲಿ ಬಿಡ,” ಎಂದ ಈರಣ್ಣ. ಅಂಗೈಯನ್ನು ಮಾತ್ರ ಕಿವಿಯಿಂದ ತೆಗೆಯಲಿಲ್ಲ.