ಹಲಸಿನ ಮರದ ಫೋನು

ಹಳಿಯಾಳದ ಕಾಡಂಚಿನ ಆ ಚಿಕ್ಕ ಊರಿನಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಹಲಸಿನ ಮರದ ಬುಡದಲ್ಲಿ ಮಾತ್ರ. ಆದ್ದರಿಂದ ಶಾಂತಿಬಾಯಿಯ ಫೋನು ಹಗಲೆಲ್ಲ ಮರದ ಕೆಳಗಿನ ಕೊಂಬೆಗೆ ಕಟ್ಟಿದ ಬಟ್ಟೆಯ ಚೀಲದಲ್ಲಿರುತ್ತಿತ್ತು. ಅದು ಮೊಳಗಿದಾಗ ದಾರಿಯಲ್ಲಿ ಹೋಗುವವರು ಯಾರೇ ಆಗಲಿ ಎತ್ತಿ ಮಾತನಾಡಿ, ಸುದ್ದಿಯನ್ನು ಆಯಾ ಮನೆಗೆ ಮುಟ್ಟಿಸುವುದು ಊರಿನ ನಡವಳಿಕೆ. ಕರೆ ಮಾಡಬೇಕಾದವರೂ ಅದನ್ನೇ ಬಳಸುತ್ತಿದ್ದರು. ಅಪ್ಪಣೆ ಕೇಳುವ ವಾಡಿಕೆ ಇರಲಿಲ್ಲ.

ಈ ಮಳೆಗಾಲದಲ್ಲಿ ಗುಂಡಿ ಒತ್ತುವ ಆ ಹಳೆಯ ಫೋನು ನೀರು ಹೊಕ್ಕು ಮೂಕವಾಯಿತು. ಸೊಸೆ ತುಳಜಾಗೆ ಅದೇ ವೇಳೆಗೆ ದಿನ ತುಂಬುತ್ತ ಬಂದಿತ್ತು. ಆಕೆಯ ಮೊದಲ ಮಗು ಆಸ್ಪತ್ರೆಯ ದಾರಿಯಲ್ಲಿಯೇ ತೀರಿಕೊಂಡಿತ್ತು; ಸುದ್ದಿ ತಡವಾಗಿ ಹೋಗಿ ಗಾಡಿ ತಡವಾಗಿ ಬಂದಿತ್ತು. ಈ ಮಗುವಿಗೆ ಹಾಗಾಗಬಾರದೆಂಬುದೊಂದೇ ಶಾಂತಿಬಾಯಿಯ ಬೇಡಿಕೆ. ಹಿರಿಯರ ಹೆಸರಿನಲ್ಲಿ ಇಟ್ಟ ತೆಂಗಿನಕಾಯಿಯ ಮುಂದೆ ದೀಪ ಹಚ್ಚಿ ದಿನವೂ ಅದನ್ನೇ ಬೇಡುತ್ತಿದ್ದಳು.

ಸಂಗತಿ ತಿಳಿದ ಆಕೆಯ ಇಬ್ಬರು ಗಂಡುಮಕ್ಕಳೂ ಒಂದೇ ಭಾನುವಾರ ಒಂದೊಂದು ಫೋನು ಹಿಡಿದು ಬಂದರು. ಹಿರಿಯವನು, ತುಳಜಾಳ ಗಂಡ ಪರಶುರಾಮ, ಅದೇ ಸೀಮೆಯ ರಾಮನಗರದ ಹೋಟೆಲಿನಲ್ಲಿ ಅಡಿಗೆಯವನು. ಕಿರಿಯವನಾದ ಅಜಯ ದಾಂಡೇಲಿಯ ಅಂಗಡಿಯೊಂದರಲ್ಲಿ ಫೋನುಗಳನ್ನು ದುರಸ್ತಿ ಮಾಡುತ್ತಿದ್ದ.

“ಅವ್ವಾ, ಇದು ಐಫೋನು,” ಎಂದ ಪರಶುರಾಮ. “ಕಲಿಯೂದು ಏನೂ ಇಲ್ಲ. ಮುಖಾ ತೋರಿಸಿದ್ರ ತಾನ ತೆರೀತೈತಿ.”

“ಅದು ಅತ್ತಿ ಮನಿ ಇದ್ದಂಗ ಅಣ್ಣಾ. ಅವರು ಇಟ್ಟಲ್ಲೇ ಎಲ್ಲಾ ಇರಬೇಕು,” ಎಂದು ಅಜಯ ಹಂಗಿಸಿದ. “ಆಂಡ್ರಾಯ್ಡ್ ಆದ್ರ ನಮ್ಮ ಮನಿ. ಬೇಕಾದ್ದು ಬೇಕಾದಲ್ಲಿ ಇಟ್ಕೋಬಹುದು. ಇದರಾಗ ಏನಿಲ್ಲ ಕೇಳು!”

“ಎಲ್ಲಾ ಐತಿ, ಸಿಗೂದಿಲ್ಲ ಅಷ್ಟ. ಹೋದ ಸಲ ಕತ್ತಲಾಗ ಟಾರ್ಚ್ ಎಲ್ಲೈತಿ ಅಂತ ಫೋನಿನ್ಯಾಗ ಹುಡುಕಿ ಹುಡುಕಿ, ಕಡೀಕ ಚಿಮಣಿ ದೀಪಾ ಹಚ್ಚಿದ್ಯಲ್ಲ!”

ತುಳಜಾ ಹೊಟ್ಟೆ ಹಿಡಿದುಕೊಂಡಳು. “ನಗಸಬ್ಯಾಡ್ರಿ, ಇಲ್ಲೇ ಹಡದೇನು!”

ಶಾಂತಿಬಾಯಿ ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿ ಕೇಳಿದಳು: “ಗೂಳಪ್ಪಗ ಯಾವುದು ಬರ್ತೈತಿ?”

ಗೂಳಪ್ಪ ಊರ ದನ ಕಾಯುವ ಮುದುಕ. ಅಕ್ಷರ, ಅಂಕಿ ಯಾವುದೂ ಬಾರದವನು.

“ಗೂಳಪ್ಪ ಕಾಕಾಗ ಯಾಕವ್ವಾ?” ಎಂದ ಪರಶುರಾಮ. “ನಿನ್ನ ಮುಖಾ, ತುಳಜಾನ ಮುಖಾ ಇದರಾಗ ಹಾಕಿ ಕೊಡ್ತೇನಿ. ಬ್ಯಾರೆಯವ್ರ ಕೈಗೆ ಸಿಕ್ಕು ಕೆಡಬಾರದು.”

“ಮರದ ಮುಂದ ದಿನಾ ಹಾಯೋನು ಅವನು. ಹೆರಿಗಿ ಬ್ಯಾನಿ ನನ್ನ ಕೇಳಿ ಬರ್ತೈತೇನೋ?”

ಪರಶುರಾಮ ಒಪ್ಪಲಿಲ್ಲ. ಅಜಯನೂ ಸಂತೋಷದಿಂದೇನೂ ಒಪ್ಪಲಿಲ್ಲ. ಆದರೂ ತಾಯಿಯ ಮಾತಿಗಾಗಿ ತಾನು ತಂದ ಫೋನಿನ ಕೀಲಿ ತೆಗೆದು, ಯಾರು ಬೇಕಾದರೂ ತೆರೆಯುವಂತೆ ಮಾಡಿದ. ತಾನು ಹೆಮ್ಮೆಯಿಂದ ತುಂಬಿದ್ದ ಆಟ, ಅಲಂಕಾರಗಳನ್ನೆಲ್ಲ ಅಳಿಸಿದ. ಕೊನೆಗೆ ಪರದೆಯ ಮೇಲೆ ಉಳಿದದ್ದು ಅಂಗೈಯಗಲದ ಒಂದೇ ಮುಖ: ಊರಿಗೆ ಬರುವ ನರ್ಸ್ ಸುಶೀಲವ್ವನದು. ಅದನ್ನು ಮುಟ್ಟಿದರೆ ಕರೆ ಹೋಗುತ್ತಿತ್ತು. ಹಿರಿಯ ಮಗನ ಮನಸ್ಸು ನೋಯಿಸಲಾರದೆ ಶಾಂತಿಬಾಯಿ ಎರಡನ್ನೂ ಚೀಲಕ್ಕೆ ಹಾಕಿದಳು.

ಮಕ್ಕಳು ಕೆಲಸಕ್ಕೆ ಮರಳಿದರು. ಕೆಲದಿನಗಳ ಮೇಲೆ, ಶಾಂತಿಬಾಯಿ ದೂರದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಾಗ, ತುಳಜಾಗೆ ನೋವು ಆರಂಭವಾಯಿತು. ಅಂಗಳಕ್ಕೆ ಬಂದವಳು ಮುಂದೆ ಹೆಜ್ಜೆ ಇಡಲಾರದೆ ಕುಸಿದು ಕುಳಿತಳು. ಅತ್ತ ದನ ಹೊಡೆದುಕೊಂಡು ಬರುತ್ತಿದ್ದ ಗೂಳಪ್ಪನನ್ನು ಕಂಡು ಕೂಗಿದಳು: “ಕಾಕಾ, ನರ್ಸಕ್ಕಗ ಫೋನ್ ಮಾಡ್ರಿ!”

ಮುದುಕ ಮರದತ್ತ ಓಡಿದ. ಹೊಳೆಯುವುದೇ ಮೇಲೆಂದು ನಂಬಿ ಮೊದಲು ಐಫೋನನ್ನು ತೆಗೆದು, ಊರಲ್ಲಿ ಕೇಳಿದ್ದಂತೆ ಮುಖ ತೋರಿಸಿದ. ಅದು ಕೈಯಲ್ಲಿ ನಡುಗಿ ಸುಮ್ಮನಾಯಿತು. ಮುಂಡಾಸು ಬಿಚ್ಚಿ ಮತ್ತೆ ತೋರಿಸಿದ. “ನಾನೋ, ಗೂಳಪ್ಪ!” ಎಂದು ಗದರಿದ. ಅದು ಅಂಕಿಗಳನ್ನು ಕೇಳಿತು. ಅಂಗಳದಿಂದ ತುಳಜಾಳ ನರಳಾಟ ಕೇಳಿಸುತ್ತಿತ್ತು. ಅದನ್ನು ಚೀಲಕ್ಕೆ ತುರುಕಿ ಇನ್ನೊಂದನ್ನು ತೆಗೆದ. ಅದು ಬೆಳಗುತ್ತಲೇ ಸುಶೀಲವ್ವನ ಮುಖ ಕಾಣಿಸಿತು. ದೇವರ ಪಾದ ಮುಟ್ಟುವಂತೆ ಆ ಮುಖವನ್ನು ಮುಟ್ಟಿದ.

ಸುಶೀಲವ್ವ ಕಳಿಸಿದ ಗಾಡಿ ಬಂದಿತು. ಹಳಿಯಾಳದ ಆಸ್ಪತ್ರೆಯಲ್ಲಿ ಸಂಜೆಯೊಳಗೆ ತುಳಜಾ ಹೆಣ್ಣುಮಗುವನ್ನು ಹೆತ್ತಳು. ಇಬ್ಬರೂ ಕ್ಷೇಮ.

ರಾಮನಗರದಿಂದ ಧಾವಿಸಿ ಬಂದ ಪರಶುರಾಮ ಮಗಳನ್ನು ಕಣ್ತುಂಬ ನೋಡಿದ. ಬಳಿಕ, ಆಗಲೇ ಬಂದಿದ್ದ ತಮ್ಮನ ಮುಂದೆ ತಲೆ ತಗ್ಗಿಸಿ ನುಡಿದ: “ಗೆದ್ದಿ ನೀನು.”

“ಇಲ್ಲ ಅಣ್ಣಾ. ಒಂದ ಮುಖಾ ದೊಡ್ಡದಾಗಿ ಇಡೂದು ನಿನ್ನದರಾಗೂ ಬರ್ತೈತಿ. ಕೀಲಿ ನನ್ನದರಾಗೂ ಇತ್ತು. ಅವ್ವ ಕೇಳದಿದ್ರ ನಾನೂ ತೆಗೀತಿದ್ದಿಲ್ಲ.”

ಊರು ಮುಟ್ಟಿದೊಡನೆ ಪರಶುರಾಮ ತಾನು ತಂದ ಫೋನಿನ ಕೀಲಿಯನ್ನೂ ತೆಗೆಸಿ, ತಾನೇ ಚೀಲಕ್ಕೆ ಹಾಕಿದ.

ಬಾಣಂತಿಯನ್ನು ನೋಡಲು ಊರಿಗೆ ಬಂದಾಗ ಸುಶೀಲವ್ವ ಹುಸಿಮುನಿಸಿನಿಂದ ದೂರಿದಳು: “ಶಾಂತಿಬಾಯಿ, ಆ ಫೋನಿಗೆ ಕೀಲಿ ಹಾಕಸ್ರಿ! ನಿಮ್ಮ ಗೂಳಪ್ಪ ಮರದ ಮುಂದ ಹಾಯ್ದಾಗೆಲ್ಲಾ ನನ್ನ ಮುಖಾ ಒತ್ತತಾನ. ನಿನ್ನೆ ಆಕಳು ಕರು ಹಾಕಿದ್ದೂ ಹೇಳಿದ.”

ಶಾಂತಿಬಾಯಿ ಮೊಮ್ಮಗಳನ್ನು ಮಡಿಲಲ್ಲಿ ಸರಿಮಾಡಿಕೊಂಡಳು. “ಹತ್ತ ಸಲ ಸುಮ್ಮನ ಬಂದ್ರ ಬರಲಿ ಬಿಡ್ರಿ ನರ್ಸಕ್ಕಾ. ಬರಬೇಕಾದಾಗ ಬರದಿದ್ರ ಏನ್ ಮಾಡೂದು?”

ಮೊದಲ ಮಗುವಿನ ಸಂಗತಿಯನ್ನು ಬಲ್ಲ ಸುಶೀಲವ್ವ ಕೂಸಿನ ತಲೆ ಸವರಿದಳು.

ಮರುದಿನ ಆಕೆಯ ಫೋನು ಮೊಳಗಿತು. ಎತ್ತಿಕೊಂಡು, ಆಚೆಯವರು ಬಾಯಿ ತೆರೆಯುವ ಮೊದಲೇ ಕೇಳಿದಳು:

“ಹೇಳ್ರಿ ಗೂಳಪ್ಪ ಕಾಕಾ, ಕೂಸು ಹೆಂಗೈತಿ? ಕರು ಹೆಂಗೈತಿ?”