ಇಬ್ಬರಿಗೆ ಒಂದೇ ಸಿಮ್

ಮತ್ತೊಂದು ಕಾಫಿ ತೋಟ ಕಿಟಕಿಯಲ್ಲಿ ಹಿಂದೆ ಸರಿಯಿತು, ತಗಡಿನ ಮನೆ, ಮತ್ತೆ ತೋಟ — ಕುಶಾಲನಗರ ದಾಟಿ ಮೇಲೆ ಅತ್ತಿದಂಗೇ ಐತಲ್ಲೇ, ಇದನ್ನ ನೋಡಕ್ಕೆ ವಿಯೆಟ್ನಾಂ ಗಂಟ ಬಂದ್ವಾ ಅಂತ ಚಿನ್ನು ನಿನ್ನೆ ದಲಾತ್‌ನಲ್ಲಿ ಬಿದ್ದು ಬಿದ್ದು ನಕ್ಕಿದ್ದಳು, ಈಗ ನಗುತ್ತಿಲ್ಲ, ವಿಮಾನ ನಿಲ್ದಾಣದ ಕಡೆ ಹೊರಟ ಈ ಸ್ಲೀಪರ್ ಬಸ್ಸಿನ ಇಕ್ಕಟ್ಟಿನಲ್ಲಿ ನನ್ನ ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಾಳೆ, ಬೀದೀಲಿ ಕಂಡಿದ್ದೆಲ್ಲ ತಿಂದ್ರೆ ಒಟ್ಟೆ ಕೆಡದೆ ಇನ್ನೇನೇ ಸ್ಪಂದನಾ, ಊರಿಗೋದ್ಮೇಲೆ ನಿಂಗೈತೆ ಅಂತ ಬೈಯುತ್ತಾಳೆ. ನನಗೆ ಹೊಟ್ಟೆನೋವಿಲ್ಲ. ಚಲುವಯ್ಯ ದೊಡ್ಡಪ್ಪ ಇಲ್ಲ. ನನ್ನ ಕಾಲು ಒತ್ತುತ್ತಿರುವವಳ ಅಪ್ಪ ಇವತ್ತು ಬೆಳಗಿನ ಜಾವ ರಾವಂದೂರಿನಲ್ಲಿ ಹಸು ಕರೆಯಲು ಕೂತವರು ಹಾಗೇ ಪಕ್ಕಕ್ಕೆ ವಾಲಿಕೊಂಡರಂತೆ, ಹಾಲಿನ ಚೊಂಬು ಉರುಳಿದ ಸದ್ದಿಗೆ ದೊಡ್ಡಮ್ಮ ಬಂದು ನೋಡಿದರಂತೆ, ನನ್ನಣ್ಣ ಮಹೇಂದ್ರ ಫೋನು ಮಾಡಿದಾಗ ಚಿನ್ನು ನಾವಿಳಿದಿದ್ದ ಹಾಸ್ಟೆಲ್ಲಿನ ಬಚ್ಚಲಲ್ಲಿದ್ದಳು. ಅವ್ಳಿಗೆ ಏಳ್ಬೇಡ ಕಣೇ, ಅಷ್ಟು ದೂರದಿಂದ ಅತ್ಕೊಂಡು ಎಂಗೆ ಬತ್ತಾಳೆ, ಏನೋ ಒಂದು ಏಳಿ ಕರ್ಕೊಂಡು ಬಾ, ಇಲ್ಲಿ ಬಂದ್ಮೇಲೆ ನಾವು ನೋಡ್ಕತೀವಿ ಅಂದ. ಹೂಂ ಅಂದೆ. ಯಾಕೆ ಅಂದೆನೋ.

ಸೀರಿಯಸ್ ಅಂತ ಹೇಳುವ ಹಾಗಿರಲಿಲ್ಲ. ಎಚ್.ಡಿ. ಕೋಟೆಯಲ್ಲಿ ಅಜ್ಜಿ ಹೋದಾಗ ಮೈಸೂರಿನ ಹಾಸ್ಟೆಲ್ಲಿಗೆ ಬಂದ ಫೋನಿನಲ್ಲಿ ಸೀರಿಯಸ್ ಅಂದಿದ್ದರು, ಚಿನ್ನು ಅಲ್ಲೇ ಕುಸಿದಿದ್ದಳು, ನಮ್ ಕಡೆ ಸೀರಿಯಸ್ ಅಂದ್ರೆ ಮುಗೀತು ಅಂತಲೇ ಕಣೇ, ನಂಗ್ಯಾವತ್ತೂ ಇಂಗೆ ಸುಳ್ಳು ಏಳ್ಬೇಡ ಅಂತ ನನ್ನ ಕೈ ಹಿಡಿದು ಅತ್ತಿದ್ದಳು, ಅದೇ ಕೈ ಹೊಟ್ಟೆ ಹಿಡಿದುಕೊಂಡು, ಇವತ್ತೇ ಊರಿಗೆ ಹೋಗೋಣ ಅಂತ ನಾಟಕ ಮಾಡಿತು, ನನ್ನಂಥ ನೀಚಳು ಇನ್ನೊಬ್ಬಳಿಲ್ಲ. ಅವಳ ಫೋನಿಗೆ ಸುದ್ದಿ ಬಾರದಂತೆ ಮಾಡುವುದೊಂದು ಉಳಿದಿತ್ತು. ದುಡ್ಡು ಉಳಿಯಲಿ ಅಂತ ಇಬ್ಬರಿಗೂ ಸೇರಿ ಇಲ್ಲಿಯದೊಂದು ಸಿಮ್ ಕೊಂಡಿದ್ದೆವು, ಅದು ನನ್ನ ಫೋನಿನಲ್ಲಿದೆ, ಅವಳಿಗೆ ನನ್ನ ಹಾಟ್‌ಸ್ಪಾಟೇ ಗತಿ, ಅವಳು ಬಚ್ಚಲಿಂದ ಬರುವಷ್ಟರಲ್ಲಿ ಅದನ್ನು ಆರಿಸಿ ಹಾಸ್ಟೆಲ್ಲಿನ ವೈಫೈಯನ್ನೂ ಅವಳ ಫೋನಿನಿಂದ ಅಳಿಸಿದೆ, ನೆಟ್ ಸತ್ತೋಗೈತೆ ಅಂದೆ — ಬಾಯಿಂದ ಬಂದ ಮಾತು ನೋಡು. ಅಪ್ಪ ದಿನಾ ಒಂಬತ್ತಕ್ಕೆ ಫೋಟೋ ಕೇಳುತ್ತೆ ಕಣೇ, ಪಾಪ ಕಾಯ್ತಿರುತ್ತೆ ಅಂದಳು. ಈ ಪ್ರವಾಸಕ್ಕೆ ದೊಡ್ಡಪ್ಪನನ್ನು ಒಪ್ಪಿಸಿದವಳೂ ನಾನೇ, ಅವಳು ಮೈಸೂರು ದಸರಾ ಬಿಟ್ಟು ಏನೂ ನೋಡಿಲ್ಲ, ಕಳಿಸಿ ದೊಡ್ಡಪ್ಪ ಅಂತ ಒಂದು ತಿಂಗಳು ಕಾಡಿದ್ದೆ, ಓಗ್ಬರ‍್ಲಿ ಬುಡು ಮಗ, ನಾನಂತೂ ಪಿರಿಯಾಪಟ್ಟಣದ ಒಗೆಸೊಪ್ಪಿನ ಅರಾಜು ಕಟ್ಟೆ ದಾಟಿ ಏನ್ ಕಂಡಿದ್ದೀನಿ ಅಂದಿದ್ದರು. ಅಳು ಬರುತ್ತದೆ, ನನಗೂ ಅವರು ದೊಡ್ಡಪ್ಪ, ಎತ್ತಿ ಆಡಿಸಿದವರು, ಅತ್ತರೆ ನೋವು ಜಾಸ್ತಿಯಾಯ್ತೇನೇ ಅಂತ ಇವಳು ಕಣ್ಣೊರೆಸುತ್ತಾಳೆ.

ಹನ್ನೊಂದಕ್ಕೆ ಮಹೇಂದ್ರನ ಮೆಸೇಜು ಬಂತು, ಕಾಯಕ್ಕಾಗಲ್ಲ, ನೀವು ಬರೋದು ನಾಳೆ ಮಧ್ಯಾಹ್ನ, ನಾಳೆ ಶನಿವಾರ ಎಣ ಎತ್ತಬಾರ್ದು ಅಂತ ಊರ ಯಜಮಾನ್ರು ದೊಡ್ಡಬೀರಯ್ಯನೋರು ಅಂದ್ರು, ಇವತ್ತೇ ಎರಡಕ್ಕೆ ಮಣ್ಣು. ಅಲ್ಲಿಯ ಎರಡು ಅಂದರೆ ಇಲ್ಲಿಯ ಮೂರೂವರೆ. ಅಂದರೆ ಚಿನ್ನು ಅಪ್ಪನ ಮುಖ ನೋಡುವುದಿಲ್ಲ. ಒಬ್ಬಳೇ ಮಗಳು. ಗುಂಡಿಯ ಪಕ್ಕ ಮಲಗಿಸಿ, ಎಲ್ಲರೂ ನೋಡಿ ಆದಮೇಲೆ ಮುಖದ ಮೇಲೆ ಬಿಳಿ ಬಟ್ಟೆ ಎಳೆಯುತ್ತಾರೆ, ಅಜ್ಜಿಗೂ ಎಳೆದರು, ಎಳೆದ ಮೇಲೆ ಯಾರೂ ತೆಗೆಯುವ ಹಾಗಿಲ್ಲ — ಈಗ ಹೇಳಿದರೆ ವಿಡಿಯೋದಲ್ಲಾದರೂ ನೋಡುತ್ತಾಳೆ, ಹೇಳು, ಬಾಯಿ ಬಿಡು, ಆದರೆ ಈ ಬಸ್ಸಿನಲ್ಲಿ ಎದೆ ಬಡಿದುಕೊಂಡರೆ ಯಾರಿಗೆ ಏನೆಂದು ಹೇಳಲಿ, ರಾತ್ರಿ ವಿಮಾನ ಹತ್ತಿಸದೆ ಬಿಟ್ಟರೆ, ಹೇಳಬೇಡ ಅಂದವರು ದೊಡ್ಡವರು, ಅವರಿಗೆ ತಿಳಿಯದ್ದೇ, ಮುಂದಿನ ಊರು ಬರಲಿ ಹೇಳುತ್ತೇನೆ, ಮುಂದಿನ ಊರು ಬಂತು, ಹೋಯಿತು. ಎರಡೂವರೆ. ಮೂರು. ಬಿಳಿ ಬಟ್ಟೆ.

ಮೂರೂಕಾಲಿಗೆ ಬಸ್ಸು ಒಂದು ಹೋಟೆಲಿನ ಮುಂದೆ ನಿಂತಿತು, ಮಹೇಂದ್ರನ ವಿಡಿಯೋ ಕಾಲು ಜೇಬಿನಲ್ಲಿ ನಡುಗಿತು, ವಾಂತಿ ಬರ‍್ತೈತೆ ಅಂತ ಬಾಯಿ ಮುಚ್ಚಿಕೊಂಡು ಓಡಿ ಕಕ್ಕಸಿನ ಚಿಲಕ ಹಾಕಿಕೊಂಡೆ, ಒತ್ತಿದೆ, ಮೊದಲು ಯಾರದೋ ಪಂಚೆ, ಆಕಾಶ, ಆಮೇಲೆ ದೊಡ್ಡಪ್ಪ, ಮೂಗಿಗೆ ಹತ್ತಿ, ಹಣೆಗೆ ವಿಭೂತಿ, ಗಡ್ಡ ಕೂಡ ಕೆರೆಸಿಲ್ಲ, ಏನೋ ಹೇಳಲು ಹೊರಟಂತೆ ತುಟಿ ಒಂಚೂರು ತೆರೆದಿದೆ, ಚಿನ್ನುವಿನದೇ ತುಟಿ. ಯಾರದೋ ಕೈ ಬಟ್ಟೆಯ ಅಂಚು ಹಿಡಿದು ಕಾಯುತ್ತಿದೆ. ನೋಡ್ಕಂಡೇನೇ ಸ್ಪಂದನಾ, ಮುಚ್ಬುಡ್ಲಾ, ಒತ್ತಾಯ್ತು ಅಂತ ಮಹೇಂದ್ರ. ಬಾಗಿಲ ಹೊರಗೆ ಚಿನ್ನು ಬಡಿಯುತ್ತಿದ್ದಾಳೆ, ತೆಗಿಯೇ, ಬೆನ್ನು ನೀವ್ತೀನಿ, ಒಬ್ಳೇ ಇರ‍್ಬೇಡ — ಆಮೇಲೆ ಬಡಿತ ನಿಂತಿತು, ಸ್ಪೀಕರ್ ಆರಿಸಿರಲಿಲ್ಲ ನಾನು. ಮಹೇಂದ್ರಣ್ಣ ಅಲ್ವೇನೇ ಅದು? ಏನ್ನ ಮುಚ್ಚೋದು? ಫೋನಿನೊಳಗೆ ದೊಡ್ಡಮ್ಮ ಕೂಗಿದರು, ಗಂಡನ ಹೆಸರು ಹಿಡಿದೇ ಕೂಗಿದರು. ಚಿಲಕ ಬಿಗಿಯಾಗಿತ್ತು, ಬೆರಳು ಜಾರಿತು, ಇರಣ್ಣಾ ಅನ್ನಬೇಕಿತ್ತು, ಒಂದೇ ಒಂದು ಮಾತು, ಇರು ಅಂದಿದ್ದರೆ ಸಾಕಿತ್ತು, ಚಿಲಕ ಬಂತು, ಚಿನ್ನು ನನ್ನ ಕೈಯಿಂದ ಫೋನು ಕಿತ್ತುಕೊಂಡಳು, ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಹತ್ತಿರ ತಂದಳು, ಬಿಳಿ ಬಟ್ಟೆ, ಅಪ್ಪಾ ಅಂದಳು, ಬೆರಳಿಂದ ಪರದೆ ಸವರಿದಳು, ಸರಿಸಿದರೆ ಸರಿಯುತ್ತದೆ ಅನ್ನುವ ಹಾಗೆ ಮತ್ತೆ ಸವರಿದಳು, ಬಿಳಿ ಬಟ್ಟೆ, ಬಿಳಿ ಬಟ್ಟೆ