ಎಡಗಾಲಿನ ಅಲಗು

"ಹಗ್ಗ ಬಿಗಿಯಾಗಿ ಹಿಡ್ಕೊಳ್ಳೋ! ನಿಮ್ಮಪ್ಪನ್ನ ತಲೆಕೆಳಗಾಗಿ ಇಳಿಸ್ತೀಯಾ?" ಡೂಗಿ ಚಿಕ್ಕಪ್ಪ ಹಲ್ಲು ಕಚ್ಚಿಕೊಂಡು ಗದರಿದ.

ಶವಪೆಟ್ಟಿಗೆಯ ತಲೆಯ ಕಡೆಯ ಹಗ್ಗ ಮಗನದು. ಅದನ್ನು ಹಿಡಿದುಕೊಂಡೇ ಸ್ಟ್ರೂಅನ್ ಗಡಿಯಾರ ನೋಡಿದ್ದ. ಸಂಜೆ ಏಳು ಗಂಟೆಗೆ ಎಡಿನ್‌ಬರೊದಿಂದ ವಿಮಾನ. ನಾಳೆ ಜರ್ಮನಿಯ ಮೇಲ್ದರ್ಜೆಯ ಲೀಗಿನಲ್ಲಿ ಅವನನ್ನು ಒಂದೇ ಒಂದು ಪಂದ್ಯ ಆಡಿಸಿ ನೋಡುತ್ತಾರೆ. ಐದು ವರ್ಷ ಕೆಳಗಿನ ಲೀಗುಗಳಲ್ಲಿ ಬೆಂಚು ಸವೆಸಿದ ಮೇಲೆ ಸಿಕ್ಕ ಪಂದ್ಯ. ಬ್ರಿಟನ್ನಿನವನಿಗೂ ಐಸ್ ಹಾಕಿ ಆಡಲು ಬರುತ್ತದೆ ಎಂದರೆ ಅಲ್ಲಿ ನಗುತ್ತಾರೆ. ಎರಡನೇ ಅವಕಾಶದ ಮಾತೇ ಇಲ್ಲ.

ಪೆಟ್ಟಿಗೆ ನೆಲ ಮುಟ್ಟಿತು. ಅವನ ತಲೆಯಲ್ಲಿ ಮಾತ್ರ ಬೆಳಗ್ಗೆ, ಮುಚ್ಚಳ ಹಾಕುವ ಮುಂಚೆ ಕಂಡದ್ದೇ ಕೊರೆಯುತ್ತಿತ್ತು. ಅಪ್ಪನ ಹೆಬ್ಬೆರಳ ಉಗುರು ಉದ್ದಕ್ಕೆ, ನುಣ್ಣಗೆ ಬೆಳೆದಿತ್ತು.

ಅಪ್ಪ ಆರ್ಚಿ ಇಮ್ರಿ ಮೂವತ್ತು ವರ್ಷ ಸ್ಕಾಟ್ಲೆಂಡಿನ ಕರ್ಕಾಡಿ ಊರಿನ ಐಸ್ ಅಂಗಳದಲ್ಲಿ ಸ್ಕೇಟುಗಳ ಅಲಗಿಗೆ ಸಾಣೆ ಹಿಡಿದವನು. ಪ್ರತಿ ಅಲಗನ್ನೂ ಆ ಉಗುರಿನ ಮೇಲೆ ಎಳೆದು ನೋಡುತ್ತಿದ್ದ. ಬಿಳಿ ಪುಡಿ ಎದ್ದರೆ ಹರಿತವಾಗಿದೆ ಎಂದರ್ಥ. ಗೀರಿಲ್ಲದ ಆ ಉಗುರನ್ನು ಮಗ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಾಗಾದರೆ ಹದಿನೈದು ದಿನಕ್ಕೊಮ್ಮೆ ಅಂಚೆಯಲ್ಲಿ ಜರ್ಮನಿಗೆ ಬರುತ್ತಿದ್ದ ಅಲಗುಗಳಿಗೆ ಸಾಣೆ ಹಿಡಿದವರು ಯಾರು?

* * *

ಹನ್ನೊಂದನೇ ವರ್ಷದಲ್ಲಿ ಸ್ಟ್ರೂಅನ್‌ನ ಎಡ ಪಾದದ ಕೀಲು ಮುರಿದು, ಸೊಟ್ಟಗೆ ಕೂಡಿಕೊಂಡಿತು. ತಿರುಗುವಾಗಲೆಲ್ಲ ಬೀಳುತ್ತಿದ್ದ. ಆರ್ಚಿ ಇಡೀ ಚಳಿಗಾಲ ಸಾಣೆಕಲ್ಲಿನ ಮುಂದೆ ಪಟ್ಟುಹಿಡಿದು ಕೂತ. ಕೊನೆಗೆ ಎಡಗಾಲಿನ ಅಲಗಿನ ಒಳಅಂಚನ್ನು ಕೂದಲೆಳೆಯಷ್ಟು ಎತ್ತರ ಬಿಟ್ಟ. ಹುಡುಗ ಬೀಳಲಿಲ್ಲ.

"ಎಷ್ಟು ಎತ್ತರ, ಅಪ್ಪಾ?"

"ಅಳತೆಗಿಳತೆ ಇಲ್ಲ ಕಣೋ. ಉಗುರಿಗೆ ಗೊತ್ತಾಗುತ್ತೆ."

ಬಾಗಿಲಲ್ಲಿ ನಿಂತಿದ್ದ ತಾಯಿ ನೆಟ್ಟಾ ಸಿಡುಕಿದಳು. "ಕಾಲು ಮುರಿದಿದ್ದು ಸಾಲ್ದಾ? ಕತ್ತೂ ಮುರಿಸ್ಬಿಡು! ಈ ಹಾಳು ಆಟ ನನ್ ಮಗನ್ನ ಎಲ್ಲಿಗೋ ಎಳ್ಕೊಂಡು ಹೋಗುತ್ತೆ, ನೋಡ್ತಿರು."

ಎಳೆದುಕೊಂಡೇ ಹೋಯಿತು. ಜರ್ಮನಿಯಲ್ಲಿ ಒಮ್ಮೆ ಕ್ಲಬ್ಬಿನ ಯಂತ್ರಕ್ಕೆ ಅಲಗು ಕೊಟ್ಟು ಮೂರು ಸಲ ಬಿದ್ದ. ತಿಂಗಳಿಡೀ ಬೆಂಚೇ ಗತಿಯಾಯಿತು. ಆಗಿನಿಂದಲೇ ಅಲಗುಗಳು ಅಂಚೆಯಲ್ಲಿ ಅಪ್ಪನ ಬಳಿಗೆ ಹೋಗಿ ಬರತೊಡಗಿದ್ದು.

* * *

ಮಣ್ಣು ಮುಗಿಸಿ ಬಂದವರು ಐಸ್ ಅಂಗಳದ ಮೇಲಿನ ಹಾಲ್‌ನಲ್ಲಿ ಮಾಂಸದ ಪೈ ತಿನ್ನುತ್ತಿದ್ದರು. ಸ್ಟ್ರೂಅನ್‌ಗೆ ಕೂತಲ್ಲಿ ಕೂರಲಾಗಲಿಲ್ಲ.

"ಚಿಕ್ಕಪ್ಪ, ಅಪ್ಪ ಸಾಣೆ ಹಿಡಿಯೋದು ಯಾವಾಗ ಬಿಟ್ಟ?"

"ಪೈ ತಿನ್ನು, ಆರಿಹೋಗುತ್ತೆ."

"ಹೇಳು ಅಂದ್ರೆ!"

"ಆಗಸ್ಟಿಂದ ಅವನ ಕೈಲಿ ಚಹಾದ ಕಪ್ಪೇ ನಿಲ್ತಿರ್ಲಿಲ್ಲ ಕಣೋ. ನಿಂಗೆ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದ. ಇನ್ನೇನೂ ಕೇಳ್ಬೇಡ ನನ್ನ."

ಅಷ್ಟರಲ್ಲಿ ನೆಟ್ಟಾ ಚಹಾದ ಕೆಟಲ್ ಹಿಡಿದು ಬಂದಳು. ಸ್ಮಶಾನದಿಂದ ಹಾಕಿಕೊಂಡೇ ಇದ್ದ ಕರಿ ಕೈಗವಸುಗಳನ್ನು ಇನ್ನೂ ತೆಗೆದಿರಲಿಲ್ಲ.

"ಅಮ್ಮಾ, ನಾನು ಹೋಗಲ್ಲ," ಎಂದ ಸ್ಟ್ರೂಅನ್. "ಬ್ಯಾಗಲ್ಲಿರೋ ಅಲಗು ಮೊಂಡಾಗಿದೆ. ಅಪ್ಪ ಇಲ್ಲ. ಹೋಗಿ ಎಲ್ಲರೆದುರು ಬೀಳ್ಲಾ? ಇಲ್ಲೇ ಇದ್ಬಿಡ್ತೀನಿ, ನಿನ್ ಜೊತೆ."

ಹದಿನಾರು ವರ್ಷದಿಂದ ಅವಳು ಕಾಯುತ್ತಿದ್ದ ಮಾತು ಅದು. ಸುಮ್ಮನಿದ್ದುಬಿಟ್ಟರೆ ಸಾಕಿತ್ತು, ಮಗ ಮನೆಯಲ್ಲೇ ಉಳಿಯುತ್ತಿದ್ದ. ಅವಳು ಸುರಿಯುತ್ತಲೇ ಇದ್ದ ಚಹಾ ಕಪ್ ತುಂಬಿ ಸಾಸರಿಗೆ ಇಳಿಯಿತು, ಸಾಸರಿನಿಂದ ಮೇಜಿಗೂ ಹರಿಯಿತು.

"ಅತ್ತಿಗೇ," ಎಂದ ಡೂಗಿ ಮೆಲ್ಲಗೆ.

ನೆಟ್ಟಾ ಕೆಟಲ್ ಕೆಳಗಿಟ್ಟಳು. "ಬ್ಯಾಗ್ ತಗೊಂಡು ಕೆಳಗೆ ಬಾ."

ಮೆಟ್ಟಿಲ ಕೆಳಗಿನ ಸಾಣೆಯ ಕೋಣೆಯಲ್ಲಿ ಗಂಡನ ಚರ್ಮದ ಏಪ್ರನ್ನನ್ನು ಶೋಕದ ಉಡುಪಿನ ಮೇಲೆ ಕಟ್ಟಿಕೊಂಡಳು. ಸಾಣೆಕಲ್ಲು ತಿರುಗಿತು, ಕಿಡಿ ಹಾರಿತು. ಸ್ಟ್ರೂಅನ್ ಬಾಗಿಲಲ್ಲೇ ನಿಂತುಬಿಟ್ಟ.

"ಆಗಸ್ಟಿಂದ ಎಷ್ಟು ಸಲ ಬಿದ್ದೆ?" ತಿರುಗಿ ನೋಡದೆ ಕೇಳಿದಳು.

"ಒಂದ್ಸಲಾನೂ ಇಲ್ಲ," ಎಂದ.

ನೆಟ್ಟಾ ಬಲಗೈಯ ಕರಿ ಗವಸು ಕಳಚಿದಳು. ಹೆಬ್ಬೆರಳ ಉಗುರಿನ ತುಂಬ ಗೀರುಗಳು. ಅದರ ಮೇಲೆ ಎಡಗಾಲಿನ ಅಲಗನ್ನು ನಿಧಾನಕ್ಕೆ ಎಳೆದಳು. ಬಿಳಿ ಪುಡಿ ಎದ್ದು ಅವಳ ಕರಿ ಉಡುಪಿನ ತೋಳಿನ ಮೇಲೆ ಉದುರಿತು.